ಗ್ರೀನ್‌ವಿಚ್ ನಿನ್ನೆ, ಮದ್ರಾಸ್ ಇವತ್ತು

ಮೊದಲು ನೆನಪಾಗುವುದು ಟೆಲಿಪ್ರಿಂಟರ್ ಸದ್ದು. ಕಟಕಟ ಕಟಕಟ ಅಂತ ಒಂದೇ ಸಮನೆ ಹೊಡೆದುಕೊಂಡು, ಉಸಿರು ತೆಗೆದುಕೊಳ್ಳುವ ಹಾಗೆ ಒಂದು ಕ್ಷಣ ನಿಂತು, ಮತ್ತೆ ಶುರು. ಅವಸರದ ಸುದ್ದಿಯಿದ್ದರೆ ಒಳಗಿನಿಂದ ಸಣ್ಣ ಗಂಟೆ ಬಾರಿಸುತ್ತಿತ್ತು, ಥೇಟ್ ನಮ್ಮ ಕಾನ್ವೆಂಟಿನ ಪ್ರೇಯರ್ ಗಂಟೆಯ ಹಾಗೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದು ಕೇಳಿದಾಗಲೆಲ್ಲ ನಾನು ಗೊತ್ತಿಲ್ಲದೆ ಎದ್ದು ನಿಂತುಬಿಡುತ್ತಿದ್ದೆ. ನಮ್ಮ ಸೀನಿಯರ್ ಮುತ್ತುಕೃಷ್ಣನ್ ಸರ್ ತಲೆಯೆತ್ತದೆ ಹೇಳುತ್ತಿದ್ದರು, "ಕೂತ್ಕೊಳಮ್ಮಾ. ಅದು ದೇವರಲ್ಲ, ಡೆಲ್ಲಿ."

ಸರ್ ಮಾತಾಡುತ್ತಿದ್ದದ್ದು ತಮಿಳು, ಮಧ್ಯೆ ಇಂಗ್ಲಿಷ್. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮಾತ್ರ ಅವರು ಹೇಳಿದ ಹಾಗೇ ಬಿಡುತ್ತೇನೆ. ಲೆಕ್ಕವೆಲ್ಲ ಮುಗಿದು, ಫ್ಲೈಟ್ ಪ್ಲಾನಿನ ಹಾಳೆಗೆ ಸಹಿ ಹಾಕಿ, ಪೆನ್ನಿನ ಕ್ಯಾಪ್ ಮುಚ್ಚುತ್ತಾ ಅವರು "ವಿಡಲಾಂ" ಅನ್ನುತ್ತಿದ್ದರು. ಬಿಡಬಹುದು ಅಂತ. ಆ ಮಾತು ಬರುವವರೆಗೆ ವಿಮಾನ ನೆಲದ ಮೇಲೇ.

ನನ್ನ ಕೆಲಸ ಫ್ಲೈಟ್ ಡಿಸ್ಪ್ಯಾಚ್. ಏರ್‌ಲೈನ್ ಅಂದ ತಕ್ಷಣ ಸೀರೆ ಉಟ್ಟು ಟ್ರೇ ಹಿಡಿದ ಹುಡುಗಿ ಅಂದುಕೊಳ್ಳುತ್ತಿದ್ದ ನೆಂಟರಿಗೆಲ್ಲ ಇದನ್ನು ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ "ಆಫೀಸ್ ಜಾಬ್" ಅಂದುಬಿಡುತ್ತಿದ್ದೆ. ಈ ಊರಿಂದ ಆ ಊರಿಗೆ ಎಷ್ಟು ದೂರ, ಇವತ್ತಿನ ಗಾಳಿಯಲ್ಲಿ ಎಷ್ಟು ಹೊತ್ತು, ಎಷ್ಟು ಇಂಧನ, ಇಳಿಯಲಾಗದಿದ್ದರೆ ಎಲ್ಲಿಗೆ ಹೋಗುವುದು: ಇಷ್ಟನ್ನು ನೆಲದ ಮೇಲೆ ಕೂತು ಲೆಕ್ಕ ಹಾಕಿ ಕ್ಯಾಪ್ಟನ್ ಕೈಗೆ ಕೊಡುವುದು. ಮದ್ರಾಸಿನ ಮೀನಂಬಾಕ್ಕಂ ಏರ್‌ಪೋರ್ಟಿನ ಹಳೆಯ ಕಟ್ಟಡದಲ್ಲಿ, ಕಿಟಕಿಯಿಂದ ರನ್‌ವೇ ಕಾಣದ ಒಂದು ರೂಮಿನಲ್ಲಿ, ನಾನು ಅದನ್ನೇ ಮಾಡಿಕೊಂಡು ರಿಟೈರ್ ಆದೆ.

ಈಗ ಬರೆಯುವುದಕ್ಕೆ ಕಾರಣ ನಮ್ಮ ಮೇಲಿನ ಫ್ಲಾಟಿನ ದಿವ್ಯಾ. ಹಾಸನದ ಹುಡುಗಿ, ಪೆರುಂಗುಡಿಯ ಆಫೀಸೊಂದರಲ್ಲಿ ವಿಮಾನಗಳ ಪ್ಲಾನ್ ಮಾಡುವ ಸಾಫ್ಟ್‌ವೇರ್ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ಮೊನ್ನೆ ಕಾಫಿ ಕುಡಿಯುತ್ತಾ ಕೇಳಿದಳು, "ಆಂಟಿ, ಎರಡು ಏರ್‌ಪೋರ್ಟ್ ಮಧ್ಯೆ ಡಿಸ್ಟೆನ್ಸ್ ಫಿಕ್ಸೆಡ್ ಅಲ್ವಾ? ಒಂದ್ಸಲ ಟೈಮ್ ಲೆಕ್ಕ ಹಾಕಿಟ್ರೆ ಮುಗೀತಲ್ಲ, ದಿನಾ ಯಾಕೆ ಹಾಕ್ಬೇಕು?" ಪೆದ್ದು ಪ್ರಶ್ನೆ ಏನಲ್ಲ. ನಾನೂ ಇದನ್ನೇ ಕೇಳಿದ್ದವಳು. ಉತ್ತರ ಹೇಳಲು ಕಾಫಿ ಸಾಲದಾಯಿತು.

ದೂರ ನನಗೆ ಸ್ಕೂಲಿನಲ್ಲೇ ಅರ್ಥವಾಗಿತ್ತು. ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್ ಬರ್ನಡೆಟ್ ಹೊಲಿಗೆಯ ದಾರ ತಂದು ಗ್ಲೋಬಿನ ಮೇಲೆ ಎಳೆದು ಹಿಡಿಸುತ್ತಿದ್ದರು. ಗೋಡೆಯ ಮ್ಯಾಪಿನಲ್ಲಿ ನೇರ ಕಂಡ ದಾರಿ ದುಂಡನೆಯ ಭೂಮಿಯ ಮೇಲೆ ಹತ್ತಿರದ ದಾರಿಯಲ್ಲ. ದಾರ ಬಿಗಿಯಾಗಿ ಎಲ್ಲಿ ಕೂರುತ್ತದೋ ಅದೇ ಹತ್ತಿರದ ದಾರಿ. ಮುಂದೆ ಟ್ರೇನಿಂಗ್‌ನಲ್ಲಿ ಅದಕ್ಕೆ ದೊಡ್ಡ ದೊಡ್ಡ ಫಾರ್ಮುಲಾ ಕೊಟ್ಟರು. ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಮಾತ್ರ ಸಿಸ್ಟರ್ ಕೈಯ ದಾರವೇ.

ಹೊತ್ತಿನ ಕಥೆ ಬೇರೆ. ಅದಕ್ಕೆ ಗಾಳಿ ಬೇಕು.

ಒಮ್ಮೆ ಸೌಕಾರ್‌ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬರು ಕೌಂಟರಿನಲ್ಲಿ ಜಗಳಕ್ಕೆ ನಿಂತರು. ಅದೇ ವಿಮಾನ, ಅದೇ ಪೋರ್ಟ್‌ಬ್ಲೇರ್. ಹೋಗುವಾಗ ಬೇಗ ಮುಟ್ಟಿಸಿದ್ದೀರಿ, ಬರುವಾಗ ಅಷ್ಟು ಹೊತ್ತು ಹಿಡಿದಿದ್ದೀರಿ. ಒಬ್ಬ ಪೈಲಟ್‌ಗೆ ಅಡ್ಡದಾರಿ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ ಅನ್ನುವುದು ಅವರ ಗುಮಾನಿ. ನನ್ನನ್ನು ಕರೆಸಿದರು. ಹೋಗುವಾಗ ಗಾಳಿ ಹಿಂದಿನಿಂದ ತಳ್ಳಿತು, ಬರುವಾಗ ಎದುರಾಯಿತು ಅಂದೆ. ಅವರಿಗೆ ಸಮಾಧಾನವಾಯಿತು. "ಅಂದ್ರೆ ಹೋಗ್ತಾ ಲಾಭ, ಬರ್ತಾ ನಷ್ಟ, ಖಾತೆ ಚುಕ್ತಾ," ಅಂತ ನಕ್ಕು ಹೋದರು.

ನಾನೂ ನಕ್ಕೆ. ಸರ್ ನಗಲಿಲ್ಲ. "ಚುಕ್ತಾ ಆಗುತ್ತೇನಮ್ಮಾ?" ಅಂತ ಕೇಳಿ, ಒಂದು ಹಾಳೆ ಕೊಟ್ಟು ನನ್ನಿಂದಲೇ ಲೆಕ್ಕ ಹಾಕಿಸಿದರು. ಆಗುವುದಿಲ್ಲ. ಗಾಳಿ ತಳ್ಳುವಾಗ ವಿಮಾನ ಬೇಗ ಮುಟ್ಟಿಬಿಡುತ್ತದೆ, ಹಾಗಾಗಿ ಸಹಾಯ ಸಿಕ್ಕುವುದು ಸ್ವಲ್ಪ ಹೊತ್ತು. ಎದುರಾದಾಗ ನಿಧಾನವಾಗುತ್ತದೆ, ಹಾಗಾಗಿ ಒದ್ದಾಟ ಜಾಸ್ತಿ ಹೊತ್ತು. ಹೋಗಿಬರುವ ಪ್ರಯಾಣದಲ್ಲಿ ಗಾಳಿಯಿಂದ ಯಾವಾಗಲೂ ನಷ್ಟವೇ. "ಹೋಗುವಾಗ ಬೇಗ ಹೋದ ವಿಮಾನ ನೋಡಿದ್ರೆ ನಂಗೆ ಭಯ," ಅಂದರು ಸರ್. ಅವತ್ತು ಆ ಮಾತನ್ನು ನಾನು ಸುಮ್ಮನೆ ಕೇಳಿಸಿಕೊಂಡೆ.

ಮೇಲಧಿಕಾರಿಗಳ ಬಗ್ಗೆಯೂ ಒಂದು ಮಾತು ಬರೆಯಬೇಕು, ಹೊಸಬರಿಗೆ ಉಪಯೋಗಕ್ಕೆ ಬರುತ್ತದೆ. ಹೆಡ್‌ಆಫೀಸಿನಿಂದ ಬಂದ ಒಬ್ಬರು ನಮ್ಮ ಪ್ಲಾನುಗಳನ್ನು ತಿರುವಿಹಾಕಿ, ಟೈಮ್‌ಟೇಬಲ್‌ನಲ್ಲಿ ಎರಡು ಗಂಟೆ ಅಂತ ಅಚ್ಚಾಗಿರುವಾಗ ನೀವು ಒಂದೊಂದು ದಿನ ಒಂದೊಂದು ಬರೆದರೆ ಕಂಪನಿಯ ಹೆಸರೇನಾಗಬೇಕು ಅಂತ ಗದರಿದರು. ಸರ್ ಬಹಳ ವಿನಯದಿಂದ, "ಟೈಮ್‌ಟೇಬಲ್‌ದು ಒಂದು ಕಾಪಿ ಗಾಳಿಗೂ ಕಳಿಸೋಣವಾ ಸರ್?" ಅಂತ ಕೇಳಿದರು. ನಾನು ಬಿದ್ದುಹೋಗದ ಪೆನ್ಸಿಲ್ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ಇನ್ನು ಪೋರ್ಟ್‌ಬ್ಲೇರ್. ಈಗ ಊರಿನ ಹೆಸರೇ ಬದಲಾಗಿದೆಯಂತೆ. ಮದ್ರಾಸೂ ಚೆನ್ನೈ ಆಯಿತು. ನನ್ನ ಬಾಯಿಗೆ ಎರಡೂ ಹಳೆಯ ಹೆಸರೇ ಬರುವುದು, ಕ್ಷಮಿಸಬೇಕು. ಡೆಲ್ಲಿಗೂ ಬಾಂಬೆಗೂ ಪ್ಲಾನ್ ಮಾಡುವುದು ಕಷ್ಟವಲ್ಲ. ಅಲ್ಲಿ ಇಳಿಯಲಾಗದಿದ್ದರೆ ಪಕ್ಕದ ಊರಿಗೆ ಹೋಗಬಹುದು. ಪೋರ್ಟ್‌ಬ್ಲೇರ್‌ಗೆ ಪಕ್ಕದ ಊರಿಲ್ಲ, ಸುತ್ತ ನೀರು. ಅಲ್ಲಿ ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಅಲ್ಲಿಂದ ತಿರುಗಿ, ಬಂದ ಸಮುದ್ರವನ್ನೆಲ್ಲ ಮತ್ತೆ ದಾಟಿ, ಮದ್ರಾಸಿಗೇ ಬರಬೇಕು. ಅದಕ್ಕೇ ವಾಪಸ್ ಬರುವ ಇಂಧನವನ್ನೂ ಹೊತ್ತುಕೊಂಡು ಹೋಗುವುದು. ಆ ಭಾರಕ್ಕಾಗಿ ಸೀಟು ಖಾಲಿ ಬಿಡುತ್ತಿದ್ದೆವು, ಲಗೇಜು ಇಳಿಸುತ್ತಿದ್ದೆವು, ಬೈಸಿಕೊಳ್ಳುತ್ತಿದ್ದೆವು.

ಗಿರಿಜಮ್ಮನವರ ಪರಿಚಯವಾದದ್ದು ಹಾಗೆ. ಅಂಡಮಾನಿಗೆ ಮಳೆಗಾಲ ಇನ್ನೇನು ಇಳಿಯಬೇಕು ಅನ್ನುವ ದಿನಗಳು. ಬೆಳಗಿನ ಶಿಫ್ಟಿಗೆ ಆಗಷ್ಟೇ ಬಂದಿದ್ದೆ. ಕೌಂಟರಿನಿಂದ ಫೋನ್: ಒಬ್ಬ ಲೇಡಿ ಕನ್ನಡ ಬಿಟ್ಟು ಬೇರೇನೂ ಮಾತಾಡುತ್ತಿಲ್ಲ, ಲಗೇಜಿಗೆ ಜಗಳ ಮಾಡುತ್ತಿದ್ದಾರೆ, ಬನ್ನಿ. ಹೋಗಿ ನೋಡಿದರೆ ಮದ್ದೂರು ಕಡೆಯ ಹೆಂಗಸು. ಮಾಧವರಂನಲ್ಲಿ ಹಾಲಿನ ಡೈರಿಯ ಕ್ವಾರ್ಟರ್ಸ್‌ನಲ್ಲಿದ್ದ ತಮ್ಮನ ಮನೆಯಲ್ಲಿ ಎರಡು ದಿನ ತಂಗಿ, ಪೋರ್ಟ್‌ಬ್ಲೇರ್‌ನಲ್ಲಿದ್ದ ಮಗಳ ಬಾಣಂತನಕ್ಕೆ ಹೊರಟಿದ್ದರು. ಅಂಟಿನುಂಡೆ, ಮೆಂತ್ಯದ ಹಿಟ್ಟು, ಬಾಣಂತಿ ಖಾರ ಎಲ್ಲ ತೂಗಿ ಆಗಿತ್ತು. ಮೂಟೆಯ ತಳದಲ್ಲಿ ಮಗುವಿಗೆ ಬಜೆ ತೇಯುವ ಒಂದು ಕಲ್ಲು ಇತ್ತು. ಒಂದೇ, ಆದರೆ ಒಳ್ಳೆ ಗುಂಡುಕಲ್ಲು. ಅದನ್ನು ಬಿಡಬೇಕಾಗುತ್ತದೆ ಅಂದೆ.

"ನಮ್ಮತ್ತೆ ಕಾಲದ್ದು ಕಣಮ್ಮಾ ಇದು. ಇದ್ರಲ್ಲಿ ತೇಯ್ದೇ ನಾನು ಮೂರು ಮಕ್ಳ ಸಾಕಿವ್ನಿ. ಕಲ್ ಬಿಟ್ಟು ನಾನೊಬ್ಳೇ ಹೋಗಿ ಏನ್ ಮಾಡ್ಲಿ?"

ಮುಂದಿನ ವಿಮಾನಕ್ಕೆ ನಾನೇ ಜೋಪಾನವಾಗಿ ಕಳಿಸುತ್ತೇನೆ ಅಂತ ಮಾತು ಕೊಟ್ಟ ಮೇಲೆ ಒಪ್ಪಿದರು. ಎಷ್ಟೊತ್ತಿಗೆ ಮುಟ್ಟುತ್ತೇವೆ ಅಂತ ಕೇಳಿದರು. ಎರಡು ಗಂಟೆ ಅಂದೆ. "ಮದ್ದೂರಿಂದ ಮೈಸೂರಿಗೆ ಹೋದಂಗೆ ಅನ್ನು," ಅಂದು, ಕಲ್ಲನ್ನು ನನ್ನ ಕೈಗಿಟ್ಟು ಹೊರಟರು. ಅದನ್ನು ತಂದು ನನ್ನ ಮೇಜಿನ ಮೇಲೆ, ಚಾರ್ಟುಗಳು ಫ್ಯಾನಿಗೆ ಹಾರದ ಹಾಗೆ ಇಟ್ಟೆ.

ಆ ಪ್ಲಾನ್ ಮಾಡಿದ್ದು ಸರ್. ರಾತ್ರಿ ಶಿಫ್ಟಿನ ಸಹೋದ್ಯೋಗಿಗೆ ಜ್ವರ ಬಂದು, ಆ ಶಿಫ್ಟನ್ನೂ ಸರ್ ಅವರೇ ಮಾಡಿದ್ದರು. ನಾನು ಕೌಂಟರಿನಿಂದ ಬರುವಷ್ಟರಲ್ಲಿ ಸಹಿಯಾಗಿ, "ವಿಡಲಾಂ" ಅಂದೂ ಆಗಿತ್ತು. ವಿಮಾನ ಏರಿತು.

ಸಮುದ್ರದ ಮೇಲೆ ಹೋದ ವಿಮಾನ ಇಂತಿಂಥ ಕಡೆ ದಾಟಿದೆ ಅಂತ ದೂರದ ರೇಡಿಯೋದಲ್ಲಿ ಹೇಳುತ್ತಾ ಹೋಗಬೇಕು. ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತಿತ್ತು, ಅದೂ ಅದಕ್ಕೆ ಮನಸ್ಸು ಬಂದಾಗ. ರೇಡಿಯೋ ರೂಮಿನ ಆಪರೇಟರ್ ನಮಗೆ ಫೋನ್ ಮಾಡಿ ತಿಳಿಸುತ್ತಿದ್ದ. ಮೊದಲ ರಿಪೋರ್ಟ್ ಬಂತು: ಪ್ಲಾನಿಗಿಂತ ಬೇಗ. ಸ್ಟೇಷನ್ ಮ್ಯಾನೇಜರ್ ನಮ್ಮ ರೂಮಿನಲ್ಲೇ ಇದ್ದರು, ಖುಷಿಯಾದರು. ಎರಡನೆಯದೂ ಬಂತು: ಇನ್ನೂ ಬೇಗ. "ಇವತ್ತು ಟಿಫನ್ ಹೊತ್ತಿಗೆ ಪೋರ್ಟ್‌ಬ್ಲೇರ್," ಅಂದರು ಮ್ಯಾನೇಜರ್. ಸರ್ ಸುಸ್ತಾದ ಮುಖದಲ್ಲಿ ಸ್ವಲ್ಪ ನಕ್ಕರು.

ನನಗೆ ಸೌಕಾರ್‌ಪೇಟೆಯ ವ್ಯಾಪಾರಿಯ ನೆನಪಾಯಿತು. ಇಷ್ಟು ಬೇಗ ಹೋಗುತ್ತಿದೆ ಅಂದರೆ ಹಿಂದಿನಿಂದ ಇಷ್ಟು ಗಾಳಿ ಇದೆ. ಇಷ್ಟು ಗಾಳಿ ಪ್ಲಾನಿನಲ್ಲಿ ಇರಲಿಲ್ಲ. ವಾಪಸ್ ಬರುವುದಾದರೆ ಅದೇ ಗಾಳಿ ಎದುರಿಗೆ. ಅಷ್ಟರಲ್ಲಿ ಟೆಲಿಪ್ರಿಂಟರಿನ ಗಂಟೆ ಬಾರಿಸಿತು. ಪೋರ್ಟ್‌ಬ್ಲೇರ್‌ನ ಹವೆ: ಮೋಡ ಕೆಳಗಿಳಿಯುತ್ತಿದೆ, ಮಳೆ ಸಮೀಪಿಸುತ್ತಿದೆ.

ಗಿರಿಜಮ್ಮನವರ ಕಲ್ಲೆತ್ತಿ, ಕೆಳಗಿದ್ದ, ಸರ್ ಲೆಕ್ಕಕ್ಕೆ ಬಳಸಿದ್ದ ಗಾಳಿಯ ಚಾರ್ಟು ನೋಡಿದೆ. ನಮ್ಮ ರೂಮಿನಲ್ಲಿ ಎರಡು ಗಡಿಯಾರ, ಎರಡರ ಕೆಳಗೂ ತಾರೀಖು: ಒಂದು ಮದ್ರಾಸಿನದು, ಒಂದು ಗ್ರೀನ್‌ವಿಚ್‌ನದು. ವಿಮಾನದ ಲೋಕವೆಲ್ಲ ನಡೆಯುವುದು ಗ್ರೀನ್‌ವಿಚ್ ಹೊತ್ತಿನಲ್ಲಿ. ನಮಗೆ ಬೆಳಗಾದರೂ ಐದೂವರೆಯಾಗುವವರೆಗೆ ಅಲ್ಲಿ ಇನ್ನೂ ಹಿಂದಿನ ದಿನವೇ. ಸರ್ ಲೆಕ್ಕಕ್ಕೆ ಕೂತಾಗ ಐದೂವರೆ ಆಗಿರಲಿಲ್ಲ. ಕಣ್ಣು ಗ್ರೀನ್‌ವಿಚ್ ತಾರೀಖಿಗೆ ಹೋಗಿದೆ, ಕೈ ಅದೇ ತಾರೀಖಿನ ಬೆಳಗಿನ ಚಾರ್ಟನ್ನು ಎತ್ತಿಕೊಂಡಿದೆ. ಅದು ನಿನ್ನೆ ಬೆಳಗಿನ ಗಾಳಿ. ನಿನ್ನೆ ಗಾಳಿ ಹಸುವಿನ ಹಾಗಿತ್ತು. ಇವತ್ತಿನ ಚಾರ್ಟು ಟ್ರೇನಲ್ಲಿ ಹಾಗೇ ಇತ್ತು, ಪಶ್ಚಿಮದಿಂದ ಜೋರು ಗಾಳಿಯ ಬಾಣಗಳನ್ನೆಲ್ಲ ಹೊತ್ತು.

ಎರಡೂ ಚಾರ್ಟನ್ನು ಒಯ್ದು ಸರ್ ಮುಂದೆ ಅಕ್ಕಪಕ್ಕ ಹಾಸಿದೆ.

ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ನೋಡಿದರು. ಲೆಕ್ಕ ಹಾಕುವ ದುಂಡನೆಯ ಸ್ಲೈಡ್‌ರೂಲ್ ತೆಗೆದು ಎರಡು ಸಲ ತಿರುಗಿಸಿದರು. ಪೋರ್ಟ್‌ಬ್ಲೇರ್‌ವರೆಗೆ ಹೋಗಿ, ಇಳಿಯಲಾಗದೆ ತಿರುಗಿದರೆ, ಮದ್ರಾಸಿನ ತೀರ ಸಿಗುವ ಮೊದಲೇ ಟ್ಯಾಂಕ್ ಬರಿದು. ಒಂದು ಜಾಗದವರೆಗೆ ಮಾತ್ರ ತಿರುಗಲು ಅವಕಾಶ. ಆ ಜಾಗ ಹತ್ತಿರವಿತ್ತು, ವಿಮಾನ ಬೇಗ ಬೇರೆ ಹೋಗುತ್ತಿತ್ತು.

"ತಪ್ಪು ನಂದು," ಅಂತ ಸರ್ ರೇಡಿಯೋ ರೂಮಿನ ಫೋನ್ ಎತ್ತಿದರು.

ಮ್ಯಾನೇಜರ್ ಅವರ ಕೈ ಹಿಡಿದರು. ಹವೆ ಹೇಗೂ ಕೆಡುತ್ತಿದೆಯಲ್ಲ, ಹವೆಯ ಕಾರಣ ಅಂತ ಹೇಳಿ ವಾಪಸ್ ಕರೆಸೋಣ, ನಮ್ಮ ತಪ್ಪು ಅಂತ ಯಾಕೆ ಲೋಕಕ್ಕೆಲ್ಲ ಕೇಳಿಸಬೇಕು ಅಂದರು. ಕೆಟ್ಟ ಮನುಷ್ಯರಲ್ಲ, ಸರ್‌ನ ಉಳಿಸಲೆಂದೇ ಹೇಳಿದ್ದು.

"ಹವೆ ಅಂದ್ರೆ ಕ್ಯಾಪ್ಟನ್, ಹೋಗಿ ನೋಡೋಣ, ಇಳಿಯೋಕಾಗುತ್ತೇನೋ ಅಂತಾನೆ. ಒಳ್ಳೆ ಕ್ಯಾಪ್ಟನ್, ಅದಕ್ಕೇ ಹಾಗಂತಾನೆ," ಅಂದರು ಸರ್. "ಲೆಕ್ಕ ತಪ್ಪು ಅಂತ ನಾನು ಹೇಳಿದ್ರೆ ಮಾತ್ರ ತಕ್ಷಣ ತಿರುಗಿಸ್ತಾನೆ."

ದಿವ್ಯಾ, ಈ ಕೆಲಸದ ಬಗ್ಗೆ ನೀನು ಬೇರೆ ಎಲ್ಲ ಮರೆತರೂ ಪರವಾಗಿಲ್ಲ, ಇದನ್ನು ನೆನಪಿಟ್ಟುಕೋ.

ಸರ್ ಒಂದೊಂದೇ ಶಬ್ದ ಬಿಡಿಸಿ ಆಪರೇಟರ್‌ಗೆ ಹೇಳಿದರು: ಡಿಸ್ಪ್ಯಾಚ್ ತಪ್ಪು ಮಾಡಿದೆ, ನಿನ್ನೆಯ ಗಾಳಿ ಹಾಕಿದೆ, ವಾಪಸಿಗೆ ಇಂಧನ ಸಾಲದು, ಈಗಲೇ ತಿರುಗಿ, ಹೇಳುತ್ತಿರುವವನು ಮುತ್ತುಕೃಷ್ಣನ್. ಆಪರೇಟರ್ ರೇಡಿಯೋದಲ್ಲಿ ಕೂಗಿದ. ಫೋನಿನಲ್ಲಿ ನಮಗೆ ಬರೀ ಗೊರಗೊರ ಕೇಳಿತು. ಮತ್ತೆ ಕೂಗಿದ. ಗೊರಗೊರ. ನನಗೆ ಅಂಟಿನುಂಡೆಯ ಡಬ್ಬಿ ಕಣ್ಣ ಮುಂದೆ ಬಂತು, ಮೈಸೂರಿಗೆ ಹೋದಂಗೆ ಅಂದ ಆ ಮುಖ ಬಂತು. ಕಾನ್ವೆಂಟಿನ ಹೇಲ್ ಮೇರಿ ಹೇಳಲು ಹೋಗಿ, ಮಧ್ಯದಲ್ಲಿ ಅದು ನಮ್ಮಮ್ಮನ ವೆಂಕಟರಮಣ ಆಗಿ, ಎರಡೂ ಅರ್ಧಂಬರ್ಧ ನಿಂತವು.

ಆಮೇಲೆ ಆಪರೇಟರ್ ಧ್ವನಿ ಬಂತು. ಕ್ಯಾಪ್ಟನ್ ಹೇಳಿದ್ದನ್ನು ಹಾಗೇ ಒಪ್ಪಿಸಿದ: "ಟರ್ನಿಂಗ್ ಬ್ಯಾಕ್ ನೌ. ಥ್ಯಾಂಕ್ ಯೂ, ಮುತ್ತು."

ಸರ್ ಫೋನ್ ಇಟ್ಟರು. ಬೇಗ ಬೇಗ ಹೋದ ವಿಮಾನ ವಾಪಸ್ ಬರುವಾಗ ಎಷ್ಟು ನಿಧಾನವಾಗಿ ಬಂತು ಅಂದರೆ, ಆ ದಾರಿಯಲ್ಲಿ ಅಷ್ಟು ದೊಡ್ಡ ಸಮುದ್ರ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಅಷ್ಟರಲ್ಲಿ ಪೋರ್ಟ್‌ಬ್ಲೇರ್‌ನಿಂದ ಸುದ್ದಿ ಬಂದಿತ್ತು: ಮಳೆ, ರನ್‌ವೇ ಬಂದ್. ಕೊನೆಗೆ ಗೋಡೆಯಾಚೆ ಇಂಜಿನ್‌ಗಳ ಸದ್ದು ಕೇಳಿದಾಗ ಮ್ಯಾನೇಜರ್ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡರು. ಸರ್ ಡಬ್ಬಿ ತೆಗೆದು ಆರಿಹೋದ ಪೊಂಗಲ್ ತಿನ್ನಲು ಕೂತರು. ನಾನು ಕೌಂಟರಿನತ್ತ ಹೋದೆ.

ಹೊರಗೆ ಪ್ಯಾಸೆಂಜರುಗಳು ಕೆಂಡವಾಗಿದ್ದರು. ಅಷ್ಟು ಹೊತ್ತು ಹಾರಿ ಹತ್ತಿದ ಜಾಗಕ್ಕೇ ಬಂದು ಇಳಿದಿದ್ದಾರೆ, ಬಯ್ಯದೆ ಏನು ಮಾಡುತ್ತಾರೆ. ಇಂಧನದ ಕಾರಣಕ್ಕೆ ತಿರುಗಿಸಿದ್ದು ಅಂತ ಕ್ಯಾಪ್ಟನ್ ಹೇಳಿದ್ದು ಯಾರ ಕಿವಿಗೂ ಹೋಗಿರಲಿಲ್ಲ. ಅವರ ಬೈಗುಳ ಕೇಳುತ್ತಾ ನನಗೆ ಎಂಥ ಸಂತೋಷವಾಗುತ್ತಿತ್ತು ಅಂದರೆ, ಪ್ರತಿಯೊಬ್ಬರೂ ಇನ್ನಷ್ಟು ಬಯ್ಯಲಿ ಅನಿಸುತ್ತಿತ್ತು. ಗಿರಿಜಮ್ಮ ನನ್ನನ್ನು ಕಂಡವರೇ ಬಂದರು. "ಕಲ್ ಬಿಟ್ಟು ಹೋಗ್ಬ್ಯಾಡ ಅಂತ ದೇವ್ರೇ ವಾಪಸ್ ತಂದ ನೋಡು. ನಾನ್ ಹೇಳ್ದಾಗ ಕೇಳುದ್ರೆ ನಿಮ್ಗೂ ಎಣ್ಣೆ ಉಳೀತಿತ್ತು."

ಹೌದಮ್ಮಾ ಅಂದೆ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವರೇ ಮೆತ್ತಗಾಗಿ, ಹೋಗ್ಲಿ ಬಿಡು, ಅದಕ್ಯಾಕೆ ಅಳೋದು ಅಂದರು.

ಮಾರನೆಯ ದಿನ ಮಳೆ ಬಿಟ್ಟಿತು. ಅವತ್ತಿನ ಪ್ಲಾನ್ ನನ್ನದು. ಕಲ್ಲಿನ ತೂಕವನ್ನೂ ಸೇರಿಸಿ ಮಾಡಿದೆ. ಗಿರಿಜಮ್ಮ ಹೆರಿಗೆಗೆ ಮುಂಚೆಯೇ ಮುಟ್ಟಿದರು, ಹೆಣ್ಣುಮಗು. ಆಮೇಲೆ ಮಾಧವರಂಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುವ ರೂಢಿಯಾಯಿತು. ಬಂದವರ ಮುಂದೆಲ್ಲ, ಒಂದು ಕಲ್ಲಿಗೋಸ್ಕರ ಸಮುದ್ರದ ಮಧ್ಯದಿಂದ ವಿಮಾನ ತಿರುಗಿ ಬಂದ ಕಥೆ ಹೇಳುತ್ತಿದ್ದರು. ನಾನು ತಿದ್ದಲಿಲ್ಲ.

ಸರ್ ತಮ್ಮ ಮೇಲೆ ತಾವೇ ರಿಪೋರ್ಟ್ ಬರೆದರು. ಕೆಲವು ಕಾಲ ಅವರನ್ನು ಡೆಸ್ಕಿನಿಂದ ದೂರ ಇಟ್ಟರು. ತಿರುಗಿ ಬಂದ ಮೊದಲ ಬೆಳಿಗ್ಗೆ ನನ್ನನ್ನು ಗಡಿಯಾರಗಳ ಮುಂದೆ ನಿಲ್ಲಿಸಿ ಕೇಳಿದರು.

"ಗ್ರೀನ್‌ವಿಚ್?"

"ನಿನ್ನೆ ಸರ್."

"ಮದ್ರಾಸ್?"

"ಇವತ್ತು ಸರ್."

ಅಂದಿನಿಂದ ಅದು ನಮ್ಮ ರೂಮಿನ ಪದ್ಧತಿಯಾಯಿತು. ಚಾರ್ಟು ಮುಟ್ಟುವ ಮೊದಲು ಒಬ್ಬರು ಕೇಳಬೇಕು, ಇನ್ನೊಬ್ಬರು ಜೋರಾಗಿ ಹೇಳಬೇಕು. ಐದೂವರೆ ದಾಟಿದ್ದರೆ ಎರಡಕ್ಕೂ "ಇವತ್ತು". ಹೊಸದಾಗಿ ಬಂದವರು ನಗುತ್ತಿದ್ದರು, ಸ್ವಲ್ಪ ದಿನಕ್ಕೆ ಅವರೂ ಹೇಳುತ್ತಿದ್ದರು. ಟೆಲಿಪ್ರಿಂಟರ್ ಹೋಯಿತು, ಕಾಗದದ ಚಾರ್ಟು ಹೋಯಿತು, ಲೆಕ್ಕವನ್ನೆಲ್ಲ ಕಂಪ್ಯೂಟರ್ ಮಾಡಿ ತಾರೀಖನ್ನೂ ತಾನೇ ನೋಡಿಕೊಳ್ಳತೊಡಗಿತು. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಹಳೆಯದೇ ಚೆನ್ನಾಗಿತ್ತು ಅನ್ನುವ ಜಾತಿಯವಳಲ್ಲ ನಾನು. ಆದರೂ ರಿಟೈರ್ ಆಗುವವರೆಗೆ ಸ್ಕ್ರೀನಿನ ಮುಂದೆ ಕೂತು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ.

ಸರ್‌ನ ಕೊನೆಯ ಸಲ ನೋಡಿದ್ದು ನಂಗನಲ್ಲೂರಿನ ಅವರ ಮನೆಯಲ್ಲಿ. ಇಳಿಯುವ ವಿಮಾನಗಳೆಲ್ಲ ಆ ಮನೆಯ ತಲೆ ಸವರಿಕೊಂಡೇ ಹೋಗುವುದು. ಕಣ್ಣಿನ ಆಪರೇಷನ್ ಆಗಿ ಕಟ್ಟು ಹಾಕಿತ್ತು, ಇನ್ನೊಂದು ಕಣ್ಣು ಮೊದಲೇ ಮಂಜು. ಮಂಚದ ಮೇಲೆ ಒರಗಿಕೊಂಡು, ಸದ್ದಿನ ಮೇಲೇ ಇದು ಕೊಲಂಬೊದಿಂದ ಬಂದದ್ದು, ಇದು ಲೇಟು ಅಂತ ಹೇಳುತ್ತಿದ್ದರು. ಅವರ ಮಗಳು ಕಾಫಿ ತಂದಳು. ಗಿರಿಜಮ್ಮನ ಮೊಮ್ಮಗಳ ಮದುವೆಯಾಯಿತು ಸರ್, ನನ್ನನ್ನೂ ಕರೆದಿದ್ದರು ಅಂದೆ. "ಕಲ್ಲು?" ಅಂತ ಕೇಳಿದರು. ಈಗ ಮೊಮ್ಮಗಳ ಮನೆಗೆ ಹೋಗಿದೆ ಅಂದೆ. ಬಹಳ ಹೊತ್ತು ಮುಖದಲ್ಲಿ ನಗು ಇತ್ತು.

ಹೊರಡಲು ಎದ್ದೆ. ಮೇಲೊಂದು ವಿಮಾನ ಹೋಯಿತು, ಕಿಟಕಿಯ ಗಾಜು ಗಡಗಡ ಅಂತು. ಸದ್ದು ಆರುವವರೆಗೆ ಕಾದು, ಕಟ್ಟು ಹಾಕಿದ ಮುಖವನ್ನು ನನ್ನತ್ತ ತಿರುಗಿಸಿದರು.

"ಗ್ರೀನ್‌ವಿಚ್?"

ಹೊರಗೆ ಸಂಜೆ ಬಿಸಿಲಿತ್ತು. "ಇವತ್ತು ಸರ್," ಅಂದೆ.

"ಮದ್ರಾಸ್?"

"ಇವತ್ತು ಸರ್. ಎರಡೂ ಇವತ್ತೇ."

ಸರ್ ದಿಂಬಿಗೆ ತಲೆ ಕೊಟ್ಟರು. "ವಿಡಲಾಂ," ಅಂದರು.

ನಾನು ಚಪ್ಪಲಿ ಮೆಟ್ಟಿ ಹೊರಗೆ ಬಂದೆ.